ತುತ್ತಿನ ಕಥೆ, ಧೂಮಕೇತುವಿನ ಕಥೆ

ಖಗೋಳ ವಿಜ್ಞಾನಿ ಕ್ಯಾರೊಲಿನ್ ಹರ್ಷೆಲ್ ಬರೆದಿಟ್ಟ ನೆನಪುಗಳು ಅಚ್ಚಾದದ್ದು 1876ರಲ್ಲಿ, ಆಕೆ ತೀರಿಕೊಂಡ 28 ವರ್ಷಗಳ ಮೇಲೆ. ಅಣ್ಣ ವಿಲಿಯಂ ದೂರದರ್ಶಕದ ಕನ್ನಡಿ ಉಜ್ಜುತ್ತ ಹದಿನಾರು ಗಂಟೆ ಕೈ ತೆಗೆಯದಿದ್ದಾಗ ತಾನೇ ತುತ್ತು ಬಾಯಿಗಿಟ್ಟೆ ಎನ್ನುತ್ತಾಳೆ. ಓದಿದವರಿಗೆ ನೆನಪುಳಿಯುವುದೂ ಅದೇ. ತಾನು ಬರೀ ಅಣ್ಣನ ಕೈಯ ಸಲಕರಣೆ ಎಂಬಂತೆ ತನ್ನನ್ನು ಕಿರಿದು ಮಾಡಿಕೊಳ್ಳುತ್ತಾಳೆ. ಅದನ್ನು ಹಾಗೇ ನಂಬಬಾರದು. 1786ರ ಆಗಸ್ಟ್ 1ರ ರಾತ್ರಿ ಧೂಮಕೇತು ಕಂಡಾಗ ಅಣ್ಣ ಊರಲ್ಲೇ ಇರಲಿಲ್ಲ. 1797ರೊಳಗೆ ಇಂಥವು ಎಂಟು. 1787ರಿಂದ ಇಂಗ್ಲೆಂಡಿನ ಅರಸನಿಂದ ವರ್ಷಕ್ಕೆ 50 ಪೌಂಡ್ ಸಂಬಳ. ಅಣ್ಣನ ಮದುವೆಯಾದ ಮೇಲಿನ ಹತ್ತು ವರ್ಷದ ದಿನಚರಿಯನ್ನು ಆಕೆಯೇ ಹಾಳುಮಾಡಿದಳು. ಪುಸ್ತಕದ ದೊಡ್ಡ ಕೊರತೆ ಅದು. ನಮ್ಮ ಹೆಂಗಸರೂ "ನಾನೇನ್ ಮಾಡ್ದೆ" ಅಂತಾರಲ್ಲ, ಆಗ ಲೆಕ್ಕ ನಾವೇ ತೆಗೆಯಬೇಕು. ಮೇಷ್ಟ್ರುಗಳು ಮಕ್ಕಳಿಗೆ ತುತ್ತಿನ ಜೊತೆ ಧೂಮಕೇತುವನ್ನೂ ಹೇಳಲಿ.