ಸುಣ್ಣದ ಕಲ್ಲು ಮತ್ತು ನಾಲ್ಕು ಖಾನೆ

ಕರ್ನಾಟಕದ ಹತ್ತನೇ ತರಗತಿಯ ವಿಜ್ಞಾನ ಪುಸ್ತಕ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ. ಅದರ ರಾಸಾಯನಿಕ ಕ್ರಿಯೆಗಳ ಪಾಠ ಸಂಯೋಗ, ವಿಭಜನೆ, ಸ್ಥಾನಪಲ್ಲಟ, ದ್ವಿಸ್ಥಾನಪಲ್ಲಟ ಎಂದು ನಾಲ್ಕು ಬಗೆ ಹೇಳಿ, ಬಳಿಕ ಉತ್ಕರ್ಷಣ–ಅಪಕರ್ಷಣಕ್ಕೆ ಬರುತ್ತದೆ. ಚಟುವಟಿಕೆಗಳ ಮಟ್ಟಿಗೆ ಇದು ನಿಜಕ್ಕೂ ಒಳ್ಳೆಯ ಪಾಠ. ಮೆಗ್ನೀಷಿಯಂ ಪಟ್ಟಿ ಕಣ್ಣು ಕೋರೈಸುವಂತೆ ಉರಿಯುತ್ತದೆ, ಕಬ್ಬಿಣದ ಮೊಳೆಗೆ ತಾಮ್ರ ಹತ್ತುತ್ತದೆ, ಬಿಸಿಲಿಗಿಟ್ಟ ಸಿಲ್ವರ್ ಕ್ಲೋರೈಡ್ ಬೂದು ಬಣ್ಣಕ್ಕೆ ತಿರುಗುತ್ತದೆ. ತಕರಾರಿರುವುದು ವರ್ಗೀಕರಣದ ಬಗ್ಗೆ.

ಈ ಪಾಠಕ್ಕೆ ಯಾದಗಿರಿ ಜಿಲ್ಲೆಗಿಂತ ಒಳ್ಳೆಯ ನೆಲ ಸಿಗುವುದು ಕಷ್ಟ. ಯಾದಗಿರಿ ಕೋಟೆಯ ಗುಡ್ಡ ಗ್ರಾನೈಟು. ಆದರೆ ಶಹಾಪುರ ತಾಲ್ಲೂಕಿನ ಗೋಗಿ ಕಡೆ, ಸುರಪುರದಾಚೆ ಹುಣಸಗಿ ಕಡೆ ಸುಣ್ಣದ ಕಲ್ಲಿದೆ. ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಆದಿಮಾನವರು ಆಯುಧ ಮಾಡಿಕೊಂಡದ್ದು ಈ ಕಲ್ಲಿನಿಂದಲೇ. ನಮ್ಮ ಮನೆಗಳಿಗೆ ಹಾಸುವ ಪರ್ಸಿಯೂ ಅದೇ ಜಾತಿ. ಶುದ್ಧ ಸುಣ್ಣದ ಕಲ್ಲು 100 ಗ್ರಾಂ ಭಟ್ಟಿಯಲ್ಲಿ ಪೂರ್ತಿ ಸುಟ್ಟರೆ ಉಳಿಯುವುದು 56 ಗ್ರಾಂ ಸುಟ್ಟ ಸುಣ್ಣ; 44 ಗ್ರಾಂ ಇಂಗಾಲದ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ. ಅದು ವಿಭಜನೆ, ಶಾಖ ಹೀರುವ ಕ್ರಿಯೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿದು ಅರಳುತ್ತದೆ: ಸಂಯೋಗ, ಶಾಖ ಬಿಡುವ ಕ್ರಿಯೆ. ಇಲ್ಲಿಯವರೆಗೆ ಖಾನೆಗಳು ಸರಿಹೊಂದುತ್ತವೆ.

ಅರಳಿದ ಸುಣ್ಣವನ್ನು ಗೋಡೆಗೆ ಬಳಿದ ಮೇಲೆ ತೊಡಕು ಶುರು. ಎರಡು ಮೂರು ದಿನದಲ್ಲಿ ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ, ನೀರು ಬಿಟ್ಟು, ಮತ್ತೆ ಕ್ಯಾಲ್ಸಿಯಂ ಕಾರ್ಬೋನೇಟ್ ಆಗುತ್ತದೆ. ಪುಸ್ತಕ ಇದನ್ನು ಸಂಯೋಗದ ಭಾಗದಲ್ಲೇ ಹೇಳುತ್ತದೆ. ಆದರೆ ಉತ್ಪನ್ನ ಎರಡು, ಆದ್ದರಿಂದ ಪುಸ್ತಕದ ವ್ಯಾಖ್ಯೆಯಂತೆ ಇದು ಸಂಯೋಗವಲ್ಲ. ಹಾಗಾದರೆ ಏನು? ಪಾಠ ಮೌನ. ಮುಂದೆ ಆಮ್ಲ–ಪ್ರತ್ಯಾಮ್ಲಗಳ ಪಾಠದಲ್ಲಿ ಇದೇ ಸಮೀಕರಣ ಅಲೋಹದ ಆಕ್ಸೈಡ್ ಮತ್ತು ಪ್ರತ್ಯಾಮ್ಲದ ಕ್ರಿಯೆಯಾಗಿ ಬರುತ್ತದೆ. ಎರಡೂ ಒಂದೇ ಎಂದು ಯಾರೂ ತೋರಿಸುವುದಿಲ್ಲ.

ಇದಕ್ಕಿಂತ ದೊಡ್ಡ ದೋಷ ಉತ್ಕರ್ಷಣದ್ದು. ಈ ಪಾಠದಲ್ಲಿ ಅದನ್ನು ಆಕ್ಸಿಜನ್ ಅಥವಾ ಹೈಡ್ರೋಜನ್ ಪಡೆಯುವುದು, ಕಳೆದುಕೊಳ್ಳುವುದು ಎಂದಷ್ಟೇ ಕಲಿಸಲಾಗಿದೆ. ಹಾಗಾಗಿ ಮೊಳೆಯ ಕಬ್ಬಿಣ ಎಲೆಕ್ಟ್ರಾನ್ ಬಿಟ್ಟು, ದ್ರಾವಣದ ತಾಮ್ರ ಅದನ್ನು ತೆಗೆದುಕೊಂಡದ್ದು ಮಗುವಿಗೆ ಕಾಣುವುದೇ ಇಲ್ಲ. ಅದು ಬರೀ ಸ್ಥಾನಪಲ್ಲಟ. ಫೆರಸ್ ಸಲ್ಫೇಟ್ ಕಾಯಿಸಿದಾಗ ವಿಭಜನೆಯ ಜೊತೆಗೆ ಉತ್ಕರ್ಷಣ–ಅಪಕರ್ಷಣವೂ ನಡೆಯುತ್ತದೆ. ಸುಣ್ಣದ ಕಲ್ಲು ಸುಟ್ಟಾಗ ನಡೆಯುವುದಿಲ್ಲ. ಪುಸ್ತಕದಲ್ಲಿ ಎರಡಕ್ಕೂ ಒಂದೇ ಹೆಸರು. ನಾಲ್ಕು ಬಗೆಗಳು ಸಮೀಕರಣದ ಆಕಾರ ನೋಡಿ ಇಟ್ಟವು, ಉತ್ಕರ್ಷಣ–ಅಪಕರ್ಷಣ ಒಳಗಿನ ಕೊಡುಕೊಳ್ಳುವಿಕೆ ನೋಡಿ ಇಟ್ಟದ್ದು. ಎರಡು ಬೇರೆ ಅಳತೆಗಳನ್ನು ಒಂದೇ ಪಟ್ಟಿಯಲ್ಲಿ ಸೇರಿಸಿದ್ದೇ ಗೊಂದಲದ ಮೂಲ.

ನಾಲ್ಕು ಹೆಸರು ಬೇಡವೆಂದು ನಾನು ಹೇಳುತ್ತಿಲ್ಲ. ಸೋಡಿಯಂ ಸಲ್ಫೇಟಿಗೆ ಬೇರಿಯಂ ಕ್ಲೋರೈಡ್ ಸೇರಿಸಿದರೆ ಏನು ತಳಕ್ಕಿಳಿಯಬಹುದೆಂದು ಊಹಿಸಲು ದ್ವಿಸ್ಥಾನಪಲ್ಲಟದ ತಿಳಿವಳಿಕೆ ಬೇಕು. ಆದರೆ ‘ಇದು ಯಾವ ವಿಧದ ಕ್ರಿಯೆ?’ ಎಂಬ ಪ್ರಶ್ನೆಗೆ ಒಂದೇ ಪದದ ಉತ್ತರ ಬಾಯಿಪಾಠ ಮಾಡಿಸಿದರೆ ಊಹಿಸುವ ಶಕ್ತಿ ಬೆಳೆಯುವುದಿಲ್ಲ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಶೇ 50.59 ಫಲಿತಾಂಶದೊಂದಿಗೆ ರಾಜ್ಯದಲ್ಲೇ ಕೊನೆಗಿತ್ತು. ಅದಕ್ಕೆ ಕಾರಣ ಹಲವು, ಈ ಪಾಠವೊಂದೇ ಅಲ್ಲ. ಆದರೂ ಪಾಸಿನ ಅವಸರದಲ್ಲಿ ಇಂಥ ಬಾಯಿಪಾಠವೇ ಹೆಚ್ಚಾಗುತ್ತದೆ ಎಂಬುದು ನನ್ನ ಆತಂಕ.

ಇದರ ಬದಲು ಮಕ್ಕಳು ಪರ್ಸಿ ಚೂರಿನ ಮೇಲೆ ನಿಂಬೆಹುಳಿ ಹಿಂಡಿ, ಗುಳ್ಳೆ ಬರುವುದನ್ನು ಮೊದಲು ನೋಡಲಿ. ಯಾವ ಅನಿಲ, ಎಲ್ಲಿಂದ ಬಂತು, ಕಲ್ಲಿನಲ್ಲಿದ್ದ ಕ್ಯಾಲ್ಸಿಯಂ ಎಲ್ಲಿ ಹೋಯಿತು, ಆಮ್ಲ ಏನನ್ನು ಕೊಟ್ಟಿತು ಎಂದು ಮೇಷ್ಟ್ರು ಕೇಳಲಿ. ಹೆಸರಿನ ಪ್ರಶ್ನೆ ಆಮೇಲೆ ಬರಲಿ. ಆಗ ಒಬ್ಬ ಹುಡುಗಿ ದ್ವಿಸ್ಥಾನಪಲ್ಲಟ ಎಂದು, ಇನ್ನೊಬ್ಬಳು ಅದರ ಹಿಂದೆಯೇ ವಿಭಜನೆಯೂ ಇದೆ ಎಂದು, ಮತ್ತೊಬ್ಬಳು ಆಮ್ಲ–ಪ್ರತ್ಯಾಮ್ಲದ ಕ್ರಿಯೆ ಎಂದು ವಾದಿಸಿದರೆ ಮೂವರಿಗೂ ಅಂಕ ಕೊಡಬೇಕು.