ಹತ್ತು ಸಾವಿರಕ್ಕೆ ಒಬ್ಬ, ಸರಿ. ಯಾವ ಹತ್ತು ಸಾವಿರ?

ಹೋದ ವರ್ಷ ಒಂದು ಪುಸ್ತಕ ಓದಿ ಅರ್ಧ ಬುದ್ಧಿವಂತನಾದೆ. ಅದರಿಂದ ನಮ್ಮಮ್ಮನಿಗೆ ತೊಂದರೆ ಆಗೋದ್ರಲ್ಲಿತ್ತು.

ಪುಸ್ತಕ 'ದಿ ಡ್ರಂಕರ್ಡ್ಸ್ ವಾಕ್', 2008ರದ್ದು. ಬರೆದವರು ಲಿಯೊನಾರ್ಡ್ ಮ್ಲೊಡಿನೋ ಅನ್ನೋ ಅಮೆರಿಕದ ಭೌತವಿಜ್ಞಾನಿ. ನಾವು ಬಿಇಯಲ್ಲಿ ಬೇಯ್ಸ್ ಪ್ರಮೇಯ ಕಲಿತದ್ದು ಬೋಲ್ಟ್ ಲೆಕ್ಕದಲ್ಲಿ. ಮೂರು ಮೆಷಿನ್ ಬೋಲ್ಟ್ ಮಾಡ್ತವೆ, ಕೈಗೆ ಸಿಕ್ಕಿದ ಕೆಟ್ಟ ಬೋಲ್ಟ್ ಮೊದಲನೇ ಮೆಷಿನ್‌ದಾಗಿರೋ ಸಂಭವ ಎಷ್ಟು? ಬರೆದು ಮಾರ್ಕ್ಸ್ ತಗೊಂಡು ಮರೆತ್ವಿ. ಆ ಬೋಲ್ಟ್ ಜಾಗದಲ್ಲಿ ಮನುಷ್ಯರನ್ನು ತಂದು ನಿಲ್ಲಿಸೋದೇ ಈ ಪುಸ್ತಕದ ದೊಡ್ಡ ಗುಣ.

ಸಂಭವನೀಯತೆಗೂ ಸಂಖ್ಯಾಶಾಸ್ತ್ರಕ್ಕೂ ಇರೋ ವ್ಯತ್ಯಾಸವನ್ನೂ ಚೆನ್ನಾಗಿ ಬಿಡಿಸಿ ಹೇಳ್ತಾರೆ. (ನಮ್ಮಲ್ಲಿ ಸಂಖ್ಯಾಶಾಸ್ತ್ರ ಅಂದ್ರೆ ಹೆಸರಿಗೆ ಎರಡು 'ಎ' ಸೇರಿಸೋರು ನೆನಪಾಗ್ತಾರೆ, ಅದು ಬೇರೆ ಗೋಳು.) ನನ್ನ ಮಾತಲ್ಲಿ ಹೇಳೋದಾದ್ರೆ, ಚೀಲದಲ್ಲಿ ಎಷ್ಟು ಜೊಳ್ಳು ಕಡ್ಲೆಕಾಯಿ ಇದೆ ಅಂತ ಗೊತ್ತಿದ್ದು, ಒಂದು ಮುಷ್ಟಿಯಲ್ಲಿ ಎಷ್ಟು ಬರಬಹುದು ಅಂತ ಕೇಳಿದ್ರೆ ಸಂಭವನೀಯತೆ. ಮುಷ್ಟಿ ನೋಡಿ ಇಡೀ ಚೀಲಕ್ಕೆ ರೇಟು ಕಟ್ಟಿದ್ರೆ ಸಂಖ್ಯಾಶಾಸ್ತ್ರ. ಮಂಡಿಯಲ್ಲಿ ಅಪ್ಪನ ಜೊತೆ ನಿಂತಾಗ ನಾನು ನೋಡ್ತಿದ್ದದ್ದು ಎರಡನೆಯದನ್ನ. ಮುಷ್ಟಿಯನ್ನ ಚೀಲದ ಬಾಯಿಂದ ತೆಗೆದ್ರಾ, ತಳದಿಂದ ತೆಗೆದ್ರಾ ಅನ್ನೋದ್ರ ಮೇಲೇ ಜಗಳವೆಲ್ಲ.

ಪುಸ್ತಕದ ಗಟ್ಟಿ ಭಾಗಗಳಲ್ಲೊಂದು ಇಂಗ್ಲೆಂಡಿನ ಸ್ಯಾಲಿ ಕ್ಲಾರ್ಕ್ ಪ್ರಕರಣ. ಆಕೆಯ ಎರಡು ಎಳೆ ಕೂಸುಗಳು ಒಂದಾದ ಮೇಲೊಂದು ತೀರಿಕೊಂಡವು. ಅಂಥ ಮನೆಯಲ್ಲಿ ಒಂದು ಕೂಸು ಕಾರಣ ತಿಳಿಯದೆ ಸಾಯೋ ಸಂಭವ 8,543ಕ್ಕೆ ಒಂದು. ಎರಡಕ್ಕೆ ಅದನ್ನ ಅದರಿಂದಲೇ ಗುಣಿಸಿ ಸುಮಾರು 7 ಕೋಟಿ 30 ಲಕ್ಷಕ್ಕೆ ಒಂದು ಅಂತ ತಜ್ಞರೊಬ್ಬರು ಕೋರ್ಟಿನಲ್ಲಿ ಹೇಳಿದ್ರು. 1999ರಲ್ಲಿ ಆಕೆಗೆ ಕೊಲೆ ಆರೋಪದಲ್ಲಿ ಶಿಕ್ಷೆಯಾಯ್ತು. ಎರಡು ನಾಣ್ಯ ಚಿಮ್ಮೋದೂ ಒಂದೇ ಬಸಿರಿನ ಎರಡು ಮಕ್ಕಳೂ ಒಂದೇನಾ? ಒಂದು ಸಾವಿಗೆ ರಕ್ತದಲ್ಲೇ ಕಾರಣವಿದ್ರೆ ಇನ್ನೊಂದಕ್ಕೂ ಅದೇ ಇರಬಹುದು, ಗುಣಿಸೋ ಹಾಗೇ ಇಲ್ಲ. 2003ರಲ್ಲಿ ಎರಡನೇ ಮೇಲ್ಮನವಿಯಲ್ಲಿ ಬಿಡುಗಡೆಯಾಯ್ತು. 2007ರಲ್ಲಿ ತೀರಿಕೊಂಡರು.

ನನ್ನ ತಕರಾರು ಲೇಖಕರ ಸ್ವಂತ ಕತೆ ಬಗ್ಗೆ. 1989ರಲ್ಲಿ ಜೀವವಿಮೆಗೆಂದು ಮಾಡಿಸಿದ ರಕ್ತಪರೀಕ್ಷೆಯಲ್ಲಿ ಅವರಿಗೆ ಎಚ್‌ಐವಿ ಪಾಸಿಟಿವ್ ಬಂತು. ಟೆಸ್ಟ್ ತಪ್ಪಾಗೋದು ಸಾವಿರಕ್ಕೆ ಒಂದು ಸಲ, ಹಾಗಾಗಿ ನೀವು ಉಳಿಯೋದೂ ಸಾವಿರಕ್ಕೆ ಒಂದೇ ಅಂದ್ರಂತೆ ಡಾಕ್ಟರು. ಲೇಖಕರು ಲೆಕ್ಕ ತಿರುವಿ ಹಾಕ್ತಾರೆ: ನನ್ನಂಥ ಹತ್ತು ಸಾವಿರ ಜನರಲ್ಲಿ ಸೋಂಕು ಇರೋನು ಒಬ್ಬ, ಸುಳ್ಳು ಪಾಸಿಟಿವ್ ಬರೋರು ಹತ್ತು ಜನ. ಹನ್ನೊಂದರಲ್ಲಿ ಹತ್ತು ಮಂದಿ ಆರೋಗ್ಯವಂತರು. ಎಂಥ ನೆಮ್ಮದಿ! ಆದರೆ ಇಡೀ ಭಾರ ನಿಂತಿರೋದು 'ನನ್ನಂಥ' ಅನ್ನೋ ಪದದ ಮೇಲೆ. ಅಪಾಯದ ಗುಂಪಿನವರಾದ್ರೆ ಲೆಕ್ಕ ಬದಲಾಗುತ್ತೆ ಅಂತ ಲೇಖಕರು ಹೇಳೋದೇ ಇಲ್ಲ ಅಂತಲ್ಲ. ಹೇಳಿ ಸರಸರ ಮುಂದಕ್ಕೆ ಹೋಗಿಬಿಡ್ತಾರೆ. ಬೇಸ್‌ಬಾಲ್‌ಗೆ, ಹಾಲಿವುಡ್‌ಗೆ ಕೊಟ್ಟಷ್ಟು ಜಾಗ ಇದಕ್ಕೆ ಕೊಟ್ಟಿಲ್ಲ. ನಾನೂ ಅಷ್ಟೇ ಬೇಗ ದಾಟಿಬಿಟ್ಟೆ.

ಆಮೇಲೆ ಅಮ್ಮನ ಮ್ಯಾಮೋಗ್ರಾಮ್‌ನಲ್ಲಿ ಅನುಮಾನ ಅಂತ ಬಂತು, ಬಯಾಪ್ಸಿ ಮಾಡಿಸಿ ಅಂದ್ರು. ತಾಲ್ಲೂಕಿನ ತಪಾಸಣಾ ಶಿಬಿರಕ್ಕೆ ಹೋಗಿ ಬಂದಿದ್ದಾಳೆ ಅಂದ್ಕೊಂಡು ಲ್ಯಾಪ್‌ಟಾಪ್ ತೆಗೆದೆ. ಪಠ್ಯಪುಸ್ತಕದ ಲೆಕ್ಕ: ಸಾವಿರ ಹೆಂಗಸರಲ್ಲಿ ಕಾಯಿಲೆ ಇರೋರು ಹತ್ತು, ಟೆಸ್ಟ್ ಹಿಡಿಯೋದು ಒಂಬತ್ತು, ಉಳಿದ 990ರಲ್ಲಿ ಸುಮ್ಸುಮ್ನೆ ಪಾಸಿಟಿವ್ ತೊಂಬತ್ತು. 'ಹನ್ನೊಂದರಲ್ಲಿ ಹತ್ತು ಪಾಲು ಏನೂ ಇರಲ್ಲಮ್ಮ, ಸುಗ್ಗಿ ಮುಗೀಲಿ, ಆಮೇಲೆ ನೋಡೋಣ' ಅಂದೆ. ಅಮ್ಮನಿಗೂ ಅದೇ ಬೇಕಿತ್ತು.

ರಾತ್ರಿ ಅಕ್ಕ ಫೋನ್ ಮಾಡಿದ್ಲು. 'ಲೋ, ಎರಡು ತಿಂಗಳಿಂದ ಗಂಟು ಕೈಗೆ ಸಿಗ್ತಿತ್ತು ಕಣೋ. ಅದಕ್ಕೇ ಟೆಸ್ಟ್ ಮಾಡಿಸಿದ್ದು. ನಿನಗೆ ಹೇಳಬೇಡ ಅಂದಿದ್ಲು.'

ಶಿಬಿರಕ್ಕೆ ಸುಮ್ಮನೆ ಬಂದ ಸಾವಿರ ಜನವೇ ಬೇರೆ, ಗಂಟು ಸಿಕ್ಕಿ ಬಂದ ಸಾವಿರ ಜನವೇ ಬೇರೆ. ಟೆಸ್ಟ್ ಅದೇ, ಸೂತ್ರ ಅದೇ. ನಾನು ತಪ್ಪು ಚೀಲದ ಮುಷ್ಟಿ ಹಿಡಿದಿದ್ದೆ. ಎರಡು ದಿನದಲ್ಲೇ ಬಯಾಪ್ಸಿ ಮಾಡಿಸಿದ್ವಿ.

ಏನೂ ಇರಲಿಲ್ಲ. 'ನೋಡಿದ್ಯಾ, ನಿನ್ನ ಲೆಕ್ಕವೇ ಸರಿಹೋಯ್ತು' ಅಂದ್ಲು ಅಮ್ಮ. ಇಲ್ಲಮ್ಮ, ಲೆಕ್ಕ ತಪ್ಪಿತ್ತು ಅಂದ್ರೆ ಕೇಳಿಸಿಕೊಳ್ಳಲ್ಲ. ಈಗ ಊರಲ್ಲಿ ಯಾರ ರಿಪೋರ್ಟ್ ಬಂದ್ರೂ ನನಗೆ ಫೋನ್ ಮಾಡಿಸ್ತಾಳೆ. ನಾನು ಮೊದಲು ಕೇಳೋದು ಒಂದೇ: ಟೆಸ್ಟ್ ಯಾಕೆ ಮಾಡಿಸಿದ್ರಿ?