ಕಾವ್ಯದಲ್ಲಿ ಸಸ್ಯಸಾಕ್ಷ್ಯ: ಬಿ.ಜಿ.ಎಲ್. ಸ್ವಾಮಿಯವರ ವಿಧಾನ ಮತ್ತು ಪಂಪನ ಬನವಾಸಿ

ಪ್ರಾಚೀನ ಕಾವ್ಯದಲ್ಲಿ ಅಪರಿಚಿತ ಗಿಡಮರದ ಹೆಸರು ಎದುರಾದಾಗ ಅರ್ಥಕೋಶದಲ್ಲಿ ‘ಒಂದು ಬಗೆಯ ಮರ’ ಎಂದು ಬರೆದು ಮುಂದೆ ಸಾಗುವುದು ನಮ್ಮ ಸಂಪಾದಕರ ರೂಢಿ. ನಾವೂ ಹಾಗೆ ಮಾಡಿದವರೇ. ಇದರಿಂದಾಗುವ ನಷ್ಟವನ್ನು ತೋರಿಸಿಕೊಟ್ಟವರು ಸಾಹಿತ್ಯ ವಿಭಾಗದವರಲ್ಲ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಬಿ.ಜಿ.ಎಲ್. ಸ್ವಾಮಿಯವರು (1918–1980). ಇಂದು ‘ಪರಿಸರ ಮಾನವಿಕ’ವೆಂಬ ಹೆಸರಿನಲ್ಲಿ ಬೆಸೆಯಲಾಗುತ್ತಿರುವ ಶಿಸ್ತುಗಳು ಅವರೊಬ್ಬರ ವೃತ್ತಿಜೀವನದಲ್ಲಿಯೇ ಕೂಡಿದ್ದವು.

1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ‘ಹಸುರು ಹೊನ್ನು’ ವಿದ್ಯಾರ್ಥಿಗಳೊಡನೆ ಕಾಡು ಸುತ್ತಿದ ಕಥನ. ಅದರ ವಿನೋದಕ್ಕೆ ದೊರೆತ ಮನ್ನಣೆ ಅದರ ಹಿಂದಿನ ವಿಧಾನಕ್ಕೆ ದೊರೆತಿಲ್ಲವೆಂಬುದು ನಮ್ಮ ಅಭಿಪ್ರಾಯ. ಸಸ್ಯದ ಹೆಸರಿಗೂ ಒಂದು ತವರು, ಒಂದು ಕಾಲ ಇರುತ್ತದೆಂಬುದೇ ಆ ವಿಧಾನದ ತಿರುಳು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕ’ವನ್ನು ಓದಿದವರು ಹಳಗನ್ನಡದ ಮೆಣಸನ್ನು ಇಂದಿನ ಮೆಣಸಿನಕಾಯಿಯೆಂದು ಭ್ರಮಿಸಲಾರರು. ‘ಶಾಸನಗಳಲ್ಲಿ ಗಿಡಮರಗಳು’ ಕೃತಿಯಂತೂ ಶಿಲಾಲೇಖ, ತಾಮ್ರಪಟಗಳನ್ನು ಸಸ್ಯಶಾಸ್ತ್ರಜ್ಞನ ಕಣ್ಣಿನಿಂದ ಓದುತ್ತದೆ.

ಈ ವಿಧಾನವನ್ನು ಪಂಪನಿಗೆ ಅನ್ವಯಿಸಿ ನೋಡೋಣ. 941ರಲ್ಲಿ ಕಾವ್ಯ ರಚಿಸಿದ ಈ ಕವಿಯ ಪೂರ್ವಿಕರು ವೆಂಗಿನಾಡಿನವರು. ಆತ ಹಂಬಲಿಸಿದ್ದು ಬನವಾಸಿಯನ್ನು. ಆ ವರ್ಣನೆಯಲ್ಲಿ ಬರುವ ಮಾವು, ವೀಳ್ಯದ ಬಳ್ಳಿ, ಜಾಜಿ, ಸಂಪಿಗೆಗಳನ್ನು ಬನವಾಸಿಯ ಪ್ರಕೃತಿಚಿತ್ರವೆಂದೇ ನಾವು ಪಾಠ ಹೇಳುತ್ತ ಬಂದಿದ್ದೇವೆ. ಆದರೆ ವಿಜಯವಾಡದ ಓದುಗ ಏನೆಂದಾನು? ನೂಜಿವೀಡಿನ ಮಾವು ಅವನ ನೆರೆಯದು. ಕೃಷ್ಣೆಯ ಬಯಲಲ್ಲಿ ವೀಳ್ಯದ ತೋಟಗಳಿವೆ. ವಿಶಾಖಪಟ್ಟಣದವನಿಗೆ ಸಂಪಿಗೆಯೆಂದರೆ ಸಿಂಹಾಚಲ. ಹಾಗಾದರೆ ಈ ಸಸ್ಯಪಟ್ಟಿ ಬನವಾಸಿಯನ್ನು ಪೂರ್ವಿಕರ ನಾಡಿನಿಂದ ಬೇರ್ಪಡಿಸುವುದಿಲ್ಲ. ಇವು ಹೆಚ್ಚಾಗಿ ಮನುಷ್ಯನು ನೆಟ್ಟು ಬೆಳೆಸುವ ಸಸ್ಯಗಳು. ಕವಿ ಕಂಡದ್ದು ಕಾಡಲ್ಲ, ತೋಟ. ಬನವಾಸಿಗೆ ಅನನ್ಯತೆ ಬರುವುದು ಅಲ್ಲಿನ ಜನರ ತ್ಯಾಗ, ಭೋಗ, ವಿದ್ಯೆ, ಸಂಗೀತಗಳಿಂದ. ಗಿಡಮರಗಳು ಆ ಬದುಕಿನ ನೆರಳಾಗಿ ನಿಲ್ಲುತ್ತವೆ. ಸಸ್ಯಸಾಕ್ಷ್ಯ ಕಾವ್ಯವನ್ನು ಅಲ್ಲಗಳೆಯುವುದಿಲ್ಲ. ಅದರ ಒತ್ತು ಎಲ್ಲಿದೆಯೆಂಬುದನ್ನು ತೋರಿಸುತ್ತದೆ.

ಇಂದಿನ ತೋಟ ಹತ್ತನೆಯ ಶತಮಾನಕ್ಕೆ ಸಾಕ್ಷಿಯಾಗದೆಂಬ ಆಕ್ಷೇಪ ನ್ಯಾಯವಾದುದೇ. ಅದಕ್ಕೆ ಉತ್ತರವೂ ಆಂಧ್ರದಲ್ಲಿಯೇ ಇದೆ. ವೆಂಗಿಯ ಚಾಲುಕ್ಯರ ತಾಮ್ರಶಾಸನಗಳು ದತ್ತಿಭೂಮಿಯ ಎಲ್ಲೆಗಳನ್ನು ಹೇಳುವಾಗ ಮರಗಳನ್ನು ಹೆಸರಿಸುತ್ತವೆ. ಆ ಮರಗಳು ಅಲಂಕಾರಕ್ಕಾಗಿ ಬಂದವಲ್ಲ, ಹೊಲದ ಅಂಚಿನಲ್ಲಿ ನಿಂತಿದ್ದವು. ಅವುಗಳನ್ನು ಕಾವ್ಯದ ಮರಗಳೊಡನೆ ಹೋಲಿಸಿದಾಗ ಕವಿಸಮಯವಾವುದು, ಕಂಡ ನೆಲವಾವುದು ಎಂಬುದು ಸ್ಪಷ್ಟವಾದೀತು. ತೆಲುಗು ಬಲ್ಲ, ಕನ್ನಡ ಓದಬಲ್ಲ ಹೊರನಾಡಿನ ಸಂಶೋಧಕರಿಗೆ ಈ ಕಾರ್ಯದಲ್ಲಿ ನಮಗಿಂತ ಹೆಚ್ಚಿನ ಅನುಕೂಲವಿದೆ. ಅವರು ಇದನ್ನು ಕೈಗೆತ್ತಿಕೊಂಡರೆ ‘ಒಂದು ಬಗೆಯ ಮರ’ ಎಂದು ಬರೆದ ನಮ್ಮ ಅರ್ಥಕೋಶಗಳನ್ನು ತಿದ್ದಲು ನಾವು ಸಿದ್ಧರಿದ್ದೇವೆ.